ಸಂಗೀತಹಾಸ್ಯದ ಪುನರವಲೋಕನ: 1960ರ ದಶಕದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು

1

ಹಾಡು ಮತ್ತು ಹಾಸ್ಯಗಳನ್ನು ಬೆರೆಸಿ ಜನರನ್ನು ರಂಜಿಸುವ ಪದ್ಧತಿ ಎಲ್ಲ ನಾಡುಗಳಲ್ಲಿಯೂ ಉಂಟು. ಅದು ಯಾವ ಕಾಲದಲ್ಲಿ, ಯಾವ ಸಾಧನದ ಮೂಲಕ ಜನರನ್ನು ತಲಪಿತೆಂಬುದು ಮಾತ್ರ ನಾಡಿನಿಂದ ನಾಡಿಗೆ ಬೇರೆಯಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಈ ಬಗೆಯ ವಿನೋದವು ದೂರದರ್ಶನದ ಪೆಟ್ಟಿಗೆಯ ಮೂಲಕ ಬಂದಿತು. ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಜನರು ಅದೇ ದಶಕದಲ್ಲಿ ಅದನ್ನು ಕಂಡದ್ದು ಕಂಪನಿ ನಾಟಕದ ತಗಡಿನ ಥಿಯೇಟರಿನಲ್ಲಿ, ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮತ್ತು ತಮ್ಮ ಊರಿನ ಯುವಕರು ಕಟ್ಟಿದ ಅಟ್ಟದ ಮೇಲೆ.

ಈ ಎರಡು ಪರಂಪರೆಗಳಲ್ಲಿ ಒಂದನ್ನು ಇಂದು ಯಾರು ಬೇಕಾದರೂ ಮತ್ತೆ ನೋಡಬಹುದು. ಇನ್ನೊಂದನ್ನು ನೋಡುವುದು ಸಾಧ್ಯವಿಲ್ಲ. ಅದನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಚ್ಚಾದ ನಾಟಕಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಕಂಪನಿ ನಾಟಕದ ಹಾಸ್ಯಭಾಗವು ಅದರ ಸ್ವಭಾವದಿಂದಲೇ ಅಚ್ಚಿಗೆ ಒಳಪಡದೆ ಉಳಿಯಿತು. ಆದುದರಿಂದ ಅಚ್ಚಿನ ಪ್ರತಿಯನ್ನು ಮಾತ್ರ ನಂಬಿದ ಇತಿಹಾಸವು, ಆ ಕಾಲದ ಜನರು ರಾತ್ರಿಯೆಲ್ಲ ಕುಳಿತು ಏತಕ್ಕಾಗಿ ನಕ್ಕರೆಂಬುದನ್ನು ಬಿಟ್ಟು, ಏತಕ್ಕಾಗಿ ಕಣ್ಣೀರಿಟ್ಟರೆಂಬುದನ್ನಷ್ಟೇ ಹೇಳುತ್ತದೆ. ಈ ಕೊರತೆಯ ಕಾರಣವನ್ನೂ ಅದನ್ನು ತುಂಬುವ ಮಾರ್ಗವನ್ನೂ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

2

ಹೋಲಿಕೆಗಾಗಿ ಮೊದಲು ಅಮೆರಿಕದ ನಿದರ್ಶನವನ್ನು ಸಂಕ್ಷೇಪವಾಗಿ ನೋಡೋಣ. ‘ದಿ ಮಂಕೀಸ್’ ಎಂಬ ಸಂಗೀತಹಾಸ್ಯದ ಧಾರಾವಾಹಿಯು 1966ರ ಸೆಪ್ಟೆಂಬರ್ 12ರಂದು ಎನ್.ಬಿ.ಸಿ. ಸಂಸ್ಥೆಯ ಮೂಲಕ ಪ್ರಸಾರವಾಗತೊಡಗಿ 1968ರ ಮಾರ್ಚ್‌ನಲ್ಲಿ ಮುಕ್ತಾಯವಾಯಿತು. ಒಟ್ಟು ಕಂತುಗಳು 58. ಬಾಬ್ ರಾಫೆಲ್‌ಸನ್ ಮತ್ತು ಬರ್ಟ್ ಷ್ನೈಡರ್ ಎಂಬಿಬ್ಬರು ಇದನ್ನು ರೂಪಿಸಿದರು. ಇಂಗ್ಲೆಂಡಿನ ಬೀಟಲ್ಸ್ ತಂಡದ 1964ರ ಚಲನಚಿತ್ರವು ಅವರಿಗೆ ಪ್ರೇರಣೆಯಾಗಿತ್ತು. 1965ರಲ್ಲಿ ಪತ್ರಿಕಾ ಜಾಹೀರಾತು ಕೊಟ್ಟು, ಬಂದವರನ್ನು ಪರೀಕ್ಷಿಸಿ, ಡೇವಿ ಜೋನ್ಸ್, ಮಿಕಿ ಡೋಲೆನ್ಸ್, ಮೈಕೆಲ್ ನೆಸ್ಮಿತ್, ಪೀಟರ್ ಟಾರ್ಕ್ ಎಂಬ ನಾಲ್ವರನ್ನು ಆರಿಸಿ ಒಂದು ವಾದ್ಯತಂಡವನ್ನು ಕಲ್ಪಿಸಲಾಯಿತು. ಹೆಸರಿಗಾಗಿ ಒದ್ದಾಡುವ ಬಡ ಗಾಯಕರ ಫಜೀತಿಗಳೇ ಕಥಾವಸ್ತು. ಪ್ರತಿ ಕಂತಿನಲ್ಲಿಯೂ ಓಟ, ಬೀಳಾಟ, ವೇಷಪಲ್ಲಟಗಳ ನಡುವೆ ಹಾಡುಗಳು ಬರುತ್ತಿದ್ದುವು. 1967ರಲ್ಲಿ ಈ ಧಾರಾವಾಹಿಗೆ ಅತ್ಯುತ್ತಮ ಹಾಸ್ಯ ಧಾರಾವಾಹಿಯೆಂದು ಎಮಿ ಪ್ರಶಸ್ತಿ ದೊರೆಯಿತು.

ಇದರಲ್ಲಿ ಎರಡು ಅಂಶಗಳು ನಮ್ಮ ವಿಚಾರಕ್ಕೆ ಪ್ರಯೋಜನಕರವಾಗಿವೆ. ಮೊದಲನೆಯದು ಆಶುತ್ವ. ಅನೇಕ ಕಂತುಗಳ ನಿರ್ದೇಶಕನಾದ ಜೇಮ್ಸ್ ಫ್ರಾಲಿಯು ಈ ನಾಲ್ವರಿಗೆ ಸಮಯಸ್ಫೂರ್ತಿಯ ಅಭಿನಯದಲ್ಲಿ ತರಬೇತಿ ಕೊಟ್ಟನು. ಬರೆದುದಕ್ಕಿಂತ ಹೆಚ್ಚಾಗಿ ಆಡುತ್ತ ಹುಟ್ಟಿದ ಮಾತಿಗೆ ಅಲ್ಲಿ ಬೆಲೆಯಿತ್ತು. ಎರಡನೆಯದು ಹಾಡಿನ ಒಡೆತನ. ಮೊದಮೊದಲು ಧ್ವನಿಮುದ್ರಣಕ್ಕೆ ಈ ನಾಲ್ವರು ಬಹುಮಟ್ಟಿಗೆ ಕಂಠವನ್ನಷ್ಟೇ ಕೊಡುತ್ತಿದ್ದರು. ವಾದ್ಯಗಳನ್ನು ನುಡಿಸುತ್ತಿದ್ದವರು ಸ್ಟುಡಿಯೋದ ವೃತ್ತಿಕಲಾವಿದರು. ಇದನ್ನು ಒಪ್ಪದ ನಾಲ್ವರು 1967ರ ಆರಂಭದಲ್ಲಿ ಸಂಗೀತದ ಮೇಲ್ವಿಚಾರಕನಾದ ಡಾನ್ ಕಿರ್ಷ್ನರ್‌ನೊಡನೆ ಜಗಳವಾಡಿದರು. ಅವನು ಹೊರಹೋದ ಮೇಲೆ ಅದೇ ವರ್ಷ ತಾವೇ ನುಡಿಸಿ ಹಾಡಿದ ಒಂದು ಗೀತಸಂಪುಟವನ್ನು ಹೊರತಂದರು. ಪರದೆಯ ಮೇಲೆ ಕಾಣುವವನೇ ಸಂಗೀತವನ್ನೂ ಮಾಡಬೇಕೇ ಎಂಬ ಪ್ರಶ್ನೆ ಅಲ್ಲಿ ಹೀಗೆ ತಲೆದೋರಿತು.

ಧಾರಾವಾಹಿಯು ಎರಡೇ ವರ್ಷಗಳಲ್ಲಿ ನಿಂತುಹೋದರೂ ಫಿಲ್ಮಿನ ಸುರುಳಿಗಳು ಉಳಿದುವು. 1986ರಲ್ಲಿ ಎಂ.ಟಿ.ವಿ. ಸಂಸ್ಥೆ ಅದನ್ನು ಮತ್ತೆ ಪ್ರಸಾರಮಾಡಿದಾಗ, ಮೊದಲ ಪ್ರಸಾರದ ಕಾಲಕ್ಕೆ ಹುಟ್ಟಿಯೇ ಇಲ್ಲದಿದ್ದ ತರುಣರು ಅದರ ಪ್ರೇಕ್ಷಕರಾದರು. ಆಡುತ್ತ ಹುಟ್ಟಿದ ಮಾತು ಕೂಡ ಫಿಲ್ಮಿನಲ್ಲಿ ಸ್ಥಿರವಾಗಿ ನಿಂತುದರಿಂದ ಇದು ಸಾಧ್ಯವಾಯಿತು. ನಮ್ಮ ನಾಲ್ಕು ಊರುಗಳಲ್ಲಿ ಆಗದೆಹೋದುದು ಇದೇ.

3

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ದಿನನಿತ್ಯದ ಪ್ರಸಾರ ಅಲ್ಲಿಯೇ 1965ರಲ್ಲಿ ಬಂದಿತು. ಎರಡನೆಯ ಕೇಂದ್ರವಾದ ಮುಂಬಯಿಯದು 1972ರಲ್ಲಿ ತೆರೆಯಿತು. 1975–76ರ ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದುವು; ನಮ್ಮ ಸೀಮೆ ಸೇರಿರಲಿಲ್ಲ. ಬೆಂಗಳೂರು ಕೇಂದ್ರದ ಆರಂಭ 1981ರಲ್ಲಿ. ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ದೇಶದಾದ್ಯಂತ ಹೆಚ್ಚಾದುದು 1984ರ ಸುಮಾರಿಗೆ. ಹೀಗಾಗಿ 1960ರ ದಶಕದ ಸಂಗೀತಹಾಸ್ಯವನ್ನು ಕುರಿತು ನಾವು ಮಾಡುವ ಯಾವ ವಿಚಾರವೂ ಪೆಟ್ಟಿಗೆಯಿಲ್ಲದ ಕಾಲದ ವಿಚಾರವೇ ಆಗಿದೆ.

ರೇಡಿಯೋ ಮಾತ್ರ ಇತ್ತು. ಮೈಸೂರಿನ ಆಕಾಶವಾಣಿ 1935ರಿಂದಲೂ, ಧಾರವಾಡದ ಕೇಂದ್ರ 1950ರಿಂದಲೂ, ಬೆಂಗಳೂರಿನದು 1955ರಿಂದಲೂ ಕನ್ನಡಿಗರಿಗೆ ಪರಿಚಿತವಾಗಿದ್ದುವು. 1965ರಲ್ಲಿ ಭದ್ರಾವತಿಯ ಕೇಂದ್ರ ಆರಂಭವಾದುದರಿಂದ ಚನ್ನಗಿರಿ, ಹೊನ್ನಾಳಿ ಸೀಮೆಗಳಿಗೆ ತೀರ ಹತ್ತಿರದ ಧ್ವನಿಯೊಂದು ದೊರೆಯಿತು. ಆದರೆ ರೇಡಿಯೋ ಕಿವಿಗೆ ಮಾತ್ರ ಸಲ್ಲುವ ಸಾಧನ. ಹಾಸ್ಯದ ಅರ್ಧ ಭಾಗ ಮುಖದಲ್ಲಿಯೂ ನಡಿಗೆಯಲ್ಲಿಯೂ ಇರುವುದರಿಂದ ಅದು ರಂಗದ ಸ್ಥಾನವನ್ನು ತುಂಬಲಾರದಾಗಿತ್ತು.

ನಾಲ್ಕು ಊರುಗಳ ಭೌಗೋಳಿಕ ಮತ್ತು ಆಡಳಿತ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಅಂದು ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನೊಳಗಿನ ಊರಾಗಿತ್ತು. ಅದು ಪ್ರತ್ಯೇಕ ತಾಲ್ಲೂಕಾದುದು ಇತ್ತೀಚೆಗೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾದಾಗ ಇವೆಲ್ಲ ಒಂದೇ ಜಿಲ್ಲೆಗೆ ಬಂದುವು. ಇದು ಕೇವಲ ಆಡಳಿತದ ಸಂಗತಿಯಲ್ಲ. ಅಂದಿನ ಪರವಾನಗಿ, ತೆರಿಗೆ ಮುಂತಾದ ಕಾಗದಪತ್ರಗಳನ್ನು ಹುಡುಕುವ ಅಭ್ಯಾಸಿಯು ಇಂದಿನ ಜಿಲ್ಲಾ ಕೇಂದ್ರವೊಂದನ್ನೇ ನೆಚ್ಚದೆ ಶಿವಮೊಗ್ಗ, ಚಿತ್ರದುರ್ಗಗಳ ಕಡೆಗೂ ನೋಡಬೇಕೆಂಬುದು ಇದರಿಂದ ಹೊರಡುವ ಮೊದಲ ಪಾಠ.

ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ಆ ದಶಕದಲ್ಲಿ ರೈಲು ಇರಲಿಲ್ಲ. ಬೆಂಗಳೂರು–ಪುಣೆ ಮಾರ್ಗವು ದಾವಣಗೆರೆ, ಹರಿಹರಗಳ ಮೇಲೆ ಹಾಯುತ್ತಿತ್ತು. ಬೀರೂರು–ಶಿವಮೊಗ್ಗ ಮಾರ್ಗವು ಭದ್ರಾವತಿಯ ಮೇಲೆ ಹೋಗುತ್ತಿತ್ತು. ನಾಟಕ ಕಂಪನಿಯೆಂದರೆ ಹತ್ತಾರು ನಟನಟಿಯರು, ಅವರ ಸಂಸಾರಗಳು, ಪರದೆಗಳು, ಪೆಟ್ಟಿಗೆಗಳು, ಕುರ್ಚಿಬೆಂಚುಗಳು, ತಗಡು, ಗಳ, ಅಡಿಗೆಯ ಪಾತ್ರೆಗಳು. ಇಷ್ಟನ್ನೂ ರೈಲುನಿಲ್ದಾಣದಿಂದ ಲಾರಿಯಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಸಾಗಿಸುವ ವೆಚ್ಚ ಹುಟ್ಟಬೇಕಾದರೆ ಕ್ಯಾಂಪು ವಾರಗಟ್ಟಲೆ ನಿಲ್ಲಬೇಕು; ಪೇಟೆಯ ಜನರಷ್ಟೇ ಅಲ್ಲದೆ ಸುತ್ತಲ ಹಳ್ಳಿಗಳ ಜನರೂ ಗಾಡಿ ಕಟ್ಟಿಕೊಂಡು ಬರಬೇಕು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವನ್ನೂ ಜಾತ್ರೆಯ ದಿನಗಳನ್ನೂ ಕಂಪನಿಗಳು ಹುಡುಕುತ್ತಿದ್ದುದರ ಕಾರಣ ಇದೇ.

ಈ ದೃಷ್ಟಿಯಿಂದ ನಾಲ್ಕು ಊರುಗಳೂ ಸಮಾನವಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಲಸ 1965ರ ಹೊತ್ತಿಗೆ ಪೂರ್ಣಗೊಂಡು, ಕಾಲುವೆಯ ನೀರು ಚನ್ನಗಿರಿ ಹೊನ್ನಾಳಿ ಕಡೆಯ ನೆಲಗಳಿಗೆ ಹರಿದುದರಿಂದ ಬತ್ತದ ಬೆಳೆ ಹೆಚ್ಚಿತು. ಚನ್ನಗಿರಿಗೆ ಅಡಿಕೆಯ ವ್ಯಾಪಾರವೂ ಉಂಟು. ಜಗಳೂರು ಮಾತ್ರ ಮಳೆಯನ್ನೇ ನೆಚ್ಚಿದ ಬಯಲುಸೀಮೆಯಾಗಿ ಉಳಿಯಿತು. ಮಳೆ ತಪ್ಪಿದ ವರ್ಷ ಅಲ್ಲಿ ಕ್ಯಾಂಪು ಮಾಡುವುದು ಮಾಲೀಕನಿಗೆ ನಷ್ಟದ ಬಾಬೆಂದು ಊಹಿಸುವುದು ಕಷ್ಟವಲ್ಲ. ಹಾಗೆಂದು ಜಗಳೂರು ರಂಗದ ಸಂಬಂಧವಿಲ್ಲದ ಊರೆಂದು ತಿಳಿಯಬಾರದು. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತರಳಬಾಳು ಹುಣ್ಣಿಮೆಯ ಮಹೋತ್ಸವವನ್ನು 1950ರಲ್ಲಿ ಆರಂಭಿಸಿದ್ದು ಜಗಳೂರಿನಲ್ಲಿಯೇ. ಮುಂದೆ ಅವರು ಸ್ವತಃ ನಾಟಕಗಳನ್ನು ಬರೆದು, ಕಲಾಸಂಘವನ್ನು ಕಟ್ಟಿ, ಶರಣರ ಚರಿತ್ರೆಯನ್ನು ಊರೂರುಗಳಲ್ಲಿ ಆಡಿಸಿದರು. ಅದು ಧರ್ಮಬೋಧೆಯ ರಂಗವಾದರೂ ಹಾಡಿನ ರಂಗವೇ ಆಗಿತ್ತು. ಮತ್ತು ಟಿಕೆಟ್ಟಿನ ರಂಗಕ್ಕೆ ದೊರೆಯದ ಪ್ರೇಕ್ಷಕರನ್ನೂ ಕರೆಯಬಲ್ಲ ರಂಗವಾಗಿತ್ತು.

4

ಇನ್ನು ಕಂಪನಿ ನಾಟಕದ ಹಾಸ್ಯಕ್ಕೆ ಬರೋಣ. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿ ಈ ಪರಂಪರೆಯ ಹಿರಿಯ ಉದಾಹರಣೆ. ಗುಬ್ಬಿ ವೀರಣ್ಣನವರು (1891–1972) ಪ್ರಸಿದ್ಧಿಗೆ ಬಂದದ್ದು ಹಾಸ್ಯನಟರಾಗಿ. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರವನ್ನು ಜನ ದಶಕಗಳ ಕಾಲ ಮರೆಯಲಿಲ್ಲ. ಕಲ್ಚರ್ಡ್ ಕಮೆಡಿಯನ್ ಎಂದು ಹೆಸರಾದ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಮಾಸ್ಟರ್ ಹಿರಣ್ಣಯ್ಯನವರು (1934–2019) ‘ಲಂಚಾವತಾರ’ದ ಮೂಲಕ ಹಾಸ್ಯವನ್ನು ರಾಜಕೀಯ ವಿಡಂಬನೆಯ ಕಡೆಗೆ ತಿರುಗಿಸಿದರು. ನಮ್ಮ ಸೀಮೆಗೆ ಅತ್ಯಂತ ಸಮೀಪದ್ದೆಂದರೆ ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ. ಚಿಂದೋಡಿ ವೀರಪ್ಪನವರು ಕಟ್ಟಿದ ಈ ಕಂಪನಿಯಲ್ಲಿ ಬೆಳೆದ ಅವರ ಮಗಳು ಚಿಂದೋಡಿ ಲೀಲಾ ಅವರು ನಟಿಯಾಗಿಯೂ ಸಂಘಟಕಿಯಾಗಿಯೂ ಹೆಸರಾಗಿ, 1988ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದು, 2010ರಲ್ಲಿ ನಿಧನರಾದರು. ‘ಪೊಲೀಸನ ಮಗಳು’ ಈ ಕಂಪನಿಗೆ ಹೆಸರು ತಂದ ನಾಟಕಗಳಲ್ಲೊಂದು.

ಈ ನಾಟಕಗಳ ರಚನೆಯಲ್ಲಿ ಹಾಸ್ಯವು ಏಕೆ ಅಷ್ಟು ದೊಡ್ಡ ಸ್ಥಾನವನ್ನು ಪಡೆಯಿತು? ಪ್ರೇಕ್ಷಕರ ಅಭಿರುಚಿಯೊಂದೇ ಇದಕ್ಕೆ ಕಾರಣವೆಂಬ ವಿವರಣೆ ಸಾಲದು. ರಂಗದ ಯಂತ್ರವ್ಯವಸ್ಥೆಯಲ್ಲಿಯೇ ಅದಕ್ಕೆ ಕಾರಣವಿದೆ. ಕಂಪನಿಯ ರಂಗದ ಮೇಲೆ ಒಂದರ ಹಿಂದೊಂದು ಪರದೆಗಳು ಇಳಿಬಿದ್ದಿರುತ್ತವೆ. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯವನ್ನು ಜೋಡಿಸಬೇಕಾದಾಗ ಮುಂದಿನ ರಸ್ತೆಯ ಪರದೆಯನ್ನು ಇಳಿಬಿಡುತ್ತಾರೆ. ಅದರ ಹಿಂದೆ ಕೆಲಸಗಾರರು ಸೀನು ಜೋಡಿಸುತ್ತಿರುವಷ್ಟು ಹೊತ್ತು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದ ಜೋಡಿ ಬಂದು ಸಭೆಯನ್ನು ಹಿಡಿದು ನಿಲ್ಲಿಸಬೇಕು. ಸೀನು ಬೇಗ ಸಿದ್ಧವಾದರೆ ಐದು ನಿಮಿಷ. ತಡವಾದರೆ ಇಪ್ಪತ್ತು ನಿಮಿಷ. ಒಳಗಿನಿಂದ ಸನ್ನೆ ಬರುವ ತನಕ ಮಾತು ಬೆಳೆಯುತ್ತಿರಬೇಕು, ಹಾಡು ತಿರುಗಿ ತಿರುಗಿ ಬರುತ್ತಿರಬೇಕು. ಇಂತಹ ದೃಶ್ಯವನ್ನು ಕವಿಯು ಮೊದಲೇ ಅಳೆದು ಬರೆದಿಡುವುದು ಸಾಧ್ಯವಿಲ್ಲ. ಅವನು ಒಂದು ಜಗಳವನ್ನೋ ಒಂದು ಬೇಸ್ತನ್ನೋ ಸೂಚಿಸುತ್ತಾನೆ. ಉಳಿದುದನ್ನು ನಟನು ತುಂಬುತ್ತಾನೆ.

ಇದರ ಜೊತೆಗೆ ಕ್ಯಾಂಪಿನ ಊರಿನ ಸಂಗತಿಗಳನ್ನು ಮಾತಿನಲ್ಲಿ ಸೇರಿಸುವುದು ಹಾಸ್ಯಪಾತ್ರಧಾರಿಗಳ ವಾಡಿಕೆ. ಅಡಿಕೆಯ ಧಾರಣೆ ಚನ್ನಗಿರಿಯಲ್ಲಿ, ತುಂಗಭದ್ರೆಯ ನೆರೆ ಹೊನ್ನಾಳಿಯಲ್ಲಿ, ಬಾರದ ಮಳೆ ಜಗಳೂರಿನಲ್ಲಿ ಅವರಿಗೆ ಕೈಗೆಟಕುವ ಸಾಮಗ್ರಿ. ಒಂದು ಊರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತು ಮುಂದಿನ ಊರಿನಲ್ಲಿ ಅರ್ಥವಾಗದೆ ಹೋಗಬಹುದಾದುದರಿಂದ ಅದನ್ನು ಅಲ್ಲಿಯೇ ಬಿಟ್ಟು ಹೊರಡಬೇಕು. ಹೀಗೆ ಹಾಸ್ಯದ ಮಾತು ಪ್ರತಿ ಕ್ಯಾಂಪಿನಲ್ಲಿಯೂ ಹುಟ್ಟಿ ಅಲ್ಲಿಯೇ ಮುಗಿಯುತ್ತಿತ್ತು. ಪುಸ್ತಕವಾಗಿ ಅಚ್ಚಾಗುವಾಗ ಮುಖ್ಯ ಕಥೆ, ಅದರ ನೀತಿ, ಅದರ ಶೋಕ ಇವು ಪೂರ್ಣವಾಗಿ ಬಂದರೆ, ಹಾಸ್ಯವು ನಾಲ್ಕಾರು ಪಂಕ್ತಿಗಳಿಗೆ ಇಳಿದುಬಿಡುತ್ತಿತ್ತು. ಆ ಪುಸ್ತಕವನ್ನು ಓದಿದ ಇಂದಿನ ವಿದ್ಯಾರ್ಥಿಗೆ ಕಂಪನಿ ನಾಟಕವೆಂದರೆ ಅತ್ತೆ ಸೊಸೆಯರ ಗೋಳು, ತ್ಯಾಗ, ಪಶ್ಚಾತ್ತಾಪಗಳ ಸರಮಾಲೆಯೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರದ ಕಾಗದಗಳಿಂದಲೂ ಈ ಕೊರತೆ ತುಂಬಲಾರದು. ಮೈಸೂರು ರಾಜ್ಯದಲ್ಲಿ 1958ರಲ್ಲಿ ಮನೋರಂಜನಾ ತೆರಿಗೆಯ ಕಾಯಿದೆಯೂ 1964ರಲ್ಲಿ ನಾಟಕ ಪ್ರದರ್ಶನಗಳ ಕಾಯಿದೆಯೂ ಬಂದುವು. ಎರಡನೆಯದು ಆಕ್ಷೇಪಾರ್ಹವೆಂದು ಕಂಡ ಪ್ರದರ್ಶನವನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆದರೆ ಅಧಿಕಾರಿಯ ಮೇಜಿನ ಮೇಲೆ ಇಡಬಹುದಾದುದು ಬರೆದ ಪ್ರತಿ ಮಾತ್ರ. ರಸ್ತೆಯ ಪರದೆಯ ಮುಂದೆ ಆ ರಾತ್ರಿ ಹುಟ್ಟುವ ಮಾತು ಆ ಪ್ರತಿಯಲ್ಲಿ ಇರುತ್ತಿರಲಿಲ್ಲ. ಯಾವ ಗುಣದಿಂದ ಈ ಹಾಸ್ಯವು ಅಧಿಕಾರಿಯ ಕಣ್ಣಿಗೆ ಸಿಕ್ಕದೆ ಪಾರಾಯಿತೋ ಅದೇ ಗುಣದಿಂದ ಇತಿಹಾಸಕಾರನ ಕೈಯಿಂದಲೂ ಜಾರಿತು.

ಕಂಪನಿಯ ಪ್ರಭಾವ ಕ್ಯಾಂಪು ಎದ್ದ ಮೇಲೂ ಉಳಿಯುತ್ತಿತ್ತು. ಹಳ್ಳಿಯ ಯುವಕರು ನಾಟಕದ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮುಂದೆ ಕುಳಿತು ಹಾಡು ಕಲಿತು, ಸೀನರಿಯನ್ನು ಬಾಡಿಗೆಗೆ ತಂದು, ಹಬ್ಬಕ್ಕೋ ತೇರಿಗೋ ನಾಟಕವಾಡುವ ರೂಢಿ ಈ ಸೀಮೆಯಲ್ಲಿ ಬಲವಾಗಿ ಬೇರೂರಿತು. ಅದಕ್ಕಿಂತ ಹಳೆಯ ಬಯಲಾಟದಲ್ಲಿ ಸಾರಥಿಯು ಪ್ರತಿ ಪಾತ್ರವನ್ನೂ ಮಾತನಾಡಿಸಿ, ಕೆಣಕಿ, ನಗಿಸುವ ಕ್ರಮವಿತ್ತು. ಕಂಪನಿಯ ಹಾಸ್ಯಗಾರನನ್ನು ಹಳ್ಳಿಯವರು ಸುಲಭವಾಗಿ ತಮ್ಮವನನ್ನಾಗಿ ಮಾಡಿಕೊಂಡುದಕ್ಕೆ ಈ ಪೂರ್ವಪರಿಚಯವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

5

ಹಾಡಿನ ಒಡೆತನದ ಪ್ರಶ್ನೆ ನಮ್ಮಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ಕಂಪನಿಯ ರಂಗದ ಮೇಲೆ ಹಾಡಲು ಬಾರದವನಿಗೆ ಮುಖ್ಯ ಪಾತ್ರ ದೊರೆಯುವುದು ಕಷ್ಟವಾಗಿತ್ತು. ಹಾಸ್ಯಗಾರನೂ ಹಾಡಲೇಬೇಕು, ಸಭೆ ‘ಒನ್ಸ್ ಮೋರ್’ ಎಂದರೆ ಮತ್ತೆ ಹಾಡಬೇಕು. ಟೂರಿಂಗ್ ಟಾಕೀಸಿನ ಪರದೆಯ ಮೇಲೆ ಇದು ಬದಲಾಯಿತು. ಅಲ್ಲಿ ಮುಖ ಒಬ್ಬರದು, ಕಂಠ ಮತ್ತೊಬ್ಬರದು. ಚಿತ್ರಗಳಲ್ಲಿ ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠ ಸೇರಿಹೋಗಿ, ಎರಡೂ ಒಂದೇ ಎಂಬಂತೆ ಜನರ ಮನಸ್ಸಿನಲ್ಲಿ ನೆಲೆಗೊಂಡಿತು. 1960ರ ದಶಕದ ಪ್ರೇಕ್ಷಕನು ಇಂದು ರಾತ್ರಿ ತಗಡಿನ ಥಿಯೇಟರಿನಲ್ಲಿ ತಾನೇ ಹಾಡುವ ನಟನನ್ನೂ, ನಾಳೆ ರಾತ್ರಿ ಡೇರೆಯಲ್ಲಿ ಎರವಲು ಕಂಠದ ನಟನನ್ನೂ ನೋಡುತ್ತಿದ್ದನು, ಎರಡರಲ್ಲಿಯೂ ಸಂತೋಷಪಡುತ್ತಿದ್ದನು.

ಚಲನಚಿತ್ರವು ಕಂಪನಿಗೆ ಪ್ರತಿಸ್ಪರ್ಧಿಯಾದುದು ನಿಜ. ಅದೇ ವೇಳೆಗೆ ಕಂಪನಿಯ ಹಾಸ್ಯಕ್ಕೆ ದೊರೆತ ಏಕಮಾತ್ರ ಶಾಶ್ವತ ಆಶ್ರಯವೂ ಅದೇ ಆಯಿತು. ಗುಬ್ಬಿಯ ರಂಗದ ಸಂಬಂಧವುಳ್ಳ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ‘ಬೇಡರ ಕಣ್ಣಪ್ಪ’ (1954) ಚಿತ್ರದಲ್ಲಿ ಕಾಣಿಸಿಕೊಂಡರು. ಬಾಲಕೃಷ್ಣ ಅವರೂ ವೃತ್ತಿರಂಗಭೂಮಿಯಿಂದಲೇ ಬಂದವರು. ನರಸಿಂಹರಾಜು ಮತ್ತು ಬಾಲಕೃಷ್ಣ ಅವರ ಚಿತ್ರಗಳಲ್ಲಿ ಮಾತಿನ ಕೊನೆಯ ಎಳೆತ, ಸಭೆಯ ಕಡೆಗೆ ಹೊರಳುವ ನೋಟ, ಮಧ್ಯೆ ತಟಕ್ಕನೆ ನಿಲ್ಲಿಸಿ ನಗುವಿಗೆ ಎಡೆಗೊಡುವ ರೀತಿ ಇವುಗಳನ್ನು ಗಮನಿಸುವವರು ರಸ್ತೆಯ ಪರದೆಯ ಮುಂದಿನ ಅಭಿನಯವನ್ನು ಒಂದಿಷ್ಟು ಮಟ್ಟಿಗೆ ಕಾಣಬಹುದು.

ಇದಕ್ಕೆ ಸ್ಪಷ್ಟವಾದ ಉದಾಹರಣೆ ‘ಸಂಪತ್ತಿಗೆ ಸವಾಲ್’. ಪಿ.ಬಿ. ಧುತ್ತರಗಿಯವರ ಈ ಜನಪ್ರಿಯ ಕಂಪನಿ ನಾಟಕವು 1974ರಲ್ಲಿ ಚಲನಚಿತ್ರವಾಯಿತು. ಅದಕ್ಕೆ ಮೊದಲು ಚಿತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಡಿದ್ದ ರಾಜಕುಮಾರ್ ಅವರು ಈ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ವಿನೋದದ ಹಾಡನ್ನು ತಾವೇ ಹಾಡಿದರು. ಜನ ಅದನ್ನು ಮೆಚ್ಚಿದ ರೀತಿಯಿಂದ, ಮುಂದೆ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ಅವರಿಗೆ ರೂಢಿಯಾಯಿತು. ಕಂಪನಿಯ ನಾಟಕದಿಂದ ಹುಟ್ಟಿದ ಚಿತ್ರದಲ್ಲಿ, ಕಂಪನಿಯ ಮನೆಯಲ್ಲಿ ಬೆಳೆದ ನಟನಿಗೆ, ಮುಖ ಮತ್ತು ಕಂಠ ಮತ್ತೆ ಒಂದಾದುವು. ಅಮೆರಿಕದ ನಾಲ್ವರು ಜಗಳವಾಡಿ ಪಡೆದುದನ್ನು ನಮ್ಮ ರಂಗಪರಂಪರೆಯು ಮೊದಲೇ ಹೊಂದಿದ್ದು, ನಡುವೆ ಚಿತ್ರರಂಗದಲ್ಲಿ ಬಿಟ್ಟುಕೊಟ್ಟು, ಮರಳಿ ಪಡೆಯಿತೆಂದು ಹೇಳಬಹುದು.

6

ಈ ವಿಷಯದಲ್ಲಿ ವಿದ್ವಾಂಸರ ನಿಲುವೂ ವಿಚಾರಾರ್ಹವಾಗಿದೆ. ಟಿ.ಪಿ. ಕೈಲಾಸಂ ಅವರ ಕಾಲದಿಂದಲೂ ಕಾಲೇಜಿನ ಸಂಬಂಧವುಳ್ಳ ರಂಗಾಸಕ್ತರಿಗೆ ಕಂಪನಿ ನಾಟಕದ ಅತಿಯಾದ ಹಾಡು ರುಚಿಸುತ್ತಿರಲಿಲ್ಲ. 1960ರ ದಶಕದಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ (1961), ‘ತುಘಲಕ್’ (1964) ಮೊದಲಾದ ಹೊಸ ನಾಟಕಗಳು ಬಂದಾಗ ವಿಶ್ವವಿದ್ಯಾಲಯಗಳ ಗಮನ ಸಹಜವಾಗಿಯೇ ಅವುಗಳ ಕಡೆಗೆ ಹರಿಯಿತು. ಆ ನಾಟಕಗಳ ಯೋಗ್ಯತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ವರ್ಷಗಳಲ್ಲಿ ಚನ್ನಗಿರಿಯ ರೈತನೂ ಜಗಳೂರಿನ ವ್ಯಾಪಾರಿಯೂ ಕಂಡ ರಂಗಭೂಮಿ ಅದಲ್ಲ. ಕನ್ನಡ ನಾಟಕದ ಇತಿಹಾಸವು ಓದುವ ನಾಟಕಗಳ ಇತಿಹಾಸವಾಗಿ ಬೆಳೆದಷ್ಟು, ನೋಡಿದ ನಾಟಕಗಳ ಇತಿಹಾಸವಾಗಿ ಬೆಳೆಯಲಿಲ್ಲ.

ಪುನರವಲೋಕನ ನಡೆದಿಲ್ಲವೆಂದಲ್ಲ. ಬಾಲ್ಯದಲ್ಲಿ ಗುಬ್ಬಿಯ ಕಂಪನಿಯಲ್ಲಿದ್ದ ಬಿ.ವಿ. ಕಾರಂತರು 1970ರ ದಶಕದಲ್ಲಿ ಆಧುನಿಕ ರಂಗಕ್ಕೆ ಹಾಡನ್ನು ಮರಳಿ ತಂದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ತಮ್ಮ ‘ಸ್ಪಂದನ’ ತಂಡದ ಮೂಲಕ ‘ಸದಾರಮೆ’ಯನ್ನು ಹೊಸದಾಗಿ ಆಡಿಸಿ, ತಾತನು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳು ಧ್ವನಿಸುರುಳಿಗಳಾಗಿ ಮನೆಮನೆಗಳನ್ನು ತಲಪಿದುವು. ಇವೆಲ್ಲ ಅಮೂಲ್ಯ. ಆದರೂ ಇವುಗಳ ಮಿತಿಯನ್ನು ಅಭ್ಯಾಸಿಯು ಅರಿಯಬೇಕು. ಪುನಃಪ್ರಯೋಗವು ಹಳೆಯ ನಾಟಕದ ಬಗ್ಗೆ ಹೊಸ ಕಾಲದ ತೀರ್ಪು. ಧ್ವನಿಸುರುಳಿಯು ದಿನದಿನಕ್ಕೆ ಬದಲಾಗುತ್ತಿದ್ದ ಮಾತಿನ ಒಂದು ದಿನದ ಪಾಠ. ಹಳೆಯ ಗ್ರಾಮಫೋನ್ ತಟ್ಟೆಯಂತೂ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟು ಹಾಡನ್ನು ಮಾತ್ರ ಹಿಡಿಯಬಲ್ಲುದಾದುದರಿಂದ, ಸಭೆಯೊಡನೆ ಬೆಳೆಯುತ್ತಿದ್ದ ಹಾಡಿನ ಅಸ್ಥಿಪಂಜರವನ್ನಷ್ಟೇ ಕೊಡುತ್ತದೆ.

7

ಹಾಗಾದರೆ ಉಳಿದ ಆಕರವೆಂದರೆ ಯಾವುದು? ನೋಡಿದವರ ನೆನಪು. 1965ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತರ ಸುಮಾರು. ಅವರಲ್ಲಿ ಅನೇಕರಿಗೆ ಕಥೆಯ ಎಳೆ ಮರೆತಿರಬಹುದು. ಹಾಸ್ಯದ ಒಂದು ಹಾಡು ಮಟ್ಟಿನೊಡನೆ ಬಾಯಿಗೆ ಬರುವುದುಂಟು. ಇತಿಹಾಸದ ದೃಷ್ಟಿಯಿಂದ ಆ ಒಂದು ಹಾಡು ಅಚ್ಚಾದ ಒಂದು ಅಂಕಕ್ಕಿಂತ ಕಡಿಮೆಯದಲ್ಲ. ಇದನ್ನು ಸಂಗ್ರಹಿಸುವ ಅವಕಾಶ ಇನ್ನು ಕೆಲವೇ ವರ್ಷಗಳದು.

ನೆನಪು ತಪ್ಪುತ್ತದೆ, ವರ್ಷಗಳನ್ನು ಅದಲುಬದಲು ಮಾಡುತ್ತದೆ, ನೋಡಿದ ಚಿತ್ರವನ್ನು ನೋಡಿದ ನಾಟಕದೊಡನೆ ಬೆರೆಸುತ್ತದೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಆ ಆಕ್ಷೇಪ ಸರಿಯಾದುದೇ. ಆದರೆ ಅದಕ್ಕೆ ಪರಿಹಾರ ನೆನಪನ್ನು ಬಿಟ್ಟುಬಿಡುವುದಲ್ಲ, ಪರೀಕ್ಷಿಸುವುದು. ನಾಟಕ ನೋಡಿದ್ದು ಭದ್ರಾ ಕಾಲುವೆಯ ನೀರು ಬರುವುದಕ್ಕೆ ಮೊದಲೋ ಆಮೇಲೋ, ಭದ್ರಾವತಿಯ ರೇಡಿಯೋ ಕೇಳುತ್ತಿದ್ದ ದಿನಗಳಲ್ಲಿಯೋ ಅದಕ್ಕಿಂತ ಹಿಂದೆಯೋ ಎಂದು ಕೇಳಿದರೆ ವರ್ಷವು ಸಾಕಷ್ಟು ಹತ್ತಿರಕ್ಕೆ ಬರುತ್ತದೆ. ಒಬ್ಬರ ಹೇಳಿಕೆಯನ್ನು ಪಕ್ಕದ ಹಳ್ಳಿಯವರ ಹೇಳಿಕೆಯೊಡನೆ ಹೋಲಿಸಬಹುದು. ಪುರಸಭೆಯ ಮೈದಾನದ ಬಾಡಿಗೆಯ ಲೆಕ್ಕ, ಮನೋರಂಜನಾ ತೆರಿಗೆಯ ದಾಖಲೆ, ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಕರಪತ್ರ ಮತ್ತು ಹಾಡಿನ ಪುಸ್ತಕ ಇವು ಎಲ್ಲಿ ದೊರೆತರೂ ಹೇಳಿಕೆಗೆ ಆಧಾರವಾಗುತ್ತವೆ.

ಈ ಕೆಲಸಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಬಹುಮಂದಿ ಸುತ್ತಲ ಹಳ್ಳಿಗಳಿಂದ ಬರುವವರು. ಆಕರಗಳು ಅವರ ಮನೆಯ ಪಡಸಾಲೆಯಲ್ಲಿಯೇ ಕುಳಿತಿವೆ. ಕಂಪನಿ ಯಾವ ತಿಂಗಳಲ್ಲಿ ಬರುತ್ತಿತ್ತು, ಥಿಯೇಟರು ಎಲ್ಲಿ ನಿಲ್ಲುತ್ತಿತ್ತು, ನೆಲಕ್ಕೆ ಎಷ್ಟು ಕುರ್ಚಿಗೆ ಎಷ್ಟು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಯಾರಿಗೆ ಪ್ರವೇಶ ಸುಲಭವಾಗಿರಲಿಲ್ಲ, ರಾತ್ರಿ ಹಿಂತಿರುಗುವುದು ಹೇಗೆ, ಹಾಸ್ಯಗಾರನು ಊರಿನ ಯಾವ ಸಂಗತಿಯನ್ನು ಎತ್ತಿ ಆಡಿದನು, ಊರಿನ ನಾಟಕಕ್ಕೆ ಮೇಷ್ಟ್ರಾಗಿ ಬಂದವರು ಯಾರು, ಅವರು ಕಲಿಸಿದ ಹಾಡು ಯಾವುದು ಎಂಬ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಸಾಕು. ಹೇಳುವವರ ಒಪ್ಪಿಗೆ ಪಡೆದು ಅವರ ಮಾತನ್ನೂ ಹಾಡನ್ನೂ ಧ್ವನಿಮುದ್ರಿಸಿ, ದಿನಾಂಕ ಮತ್ತು ಊರನ್ನು ಗುರುತಿಸಿ, ವಿಭಾಗದ ಪುಸ್ತಕಭಂಡಾರದಲ್ಲಿ ಇಡತಕ್ಕದ್ದು. ಹಾಡನ್ನು ತಿದ್ದಬಾರದು; ಗ್ರಾಮ್ಯವೆಂದು ಕಂಡ ಮಾತನ್ನು ಬಿಡಬಾರದು. ಅಚ್ಚಿನ ಪ್ರತಿಗಳು ಬಿಟ್ಟುಬಿಟ್ಟದ್ದು ಅದನ್ನೇ.

ಅಧ್ಯಾಪಕ ಮಿತ್ರರು ಈ ವರ್ಷದ ವಿದ್ಯಾರ್ಥಿಗಳಿಂದಲೇ ಈ ಕಾರ್ಯವನ್ನು ಆರಂಭಿಸಬೇಕೆಂದು ನಮ್ಮ ವಿನಂತಿ. ಒಂದೊಂದು ತಾಲ್ಲೂಕಿನಿಂದ ಇಪ್ಪತ್ತು ಹೇಳಿಕೆಗಳು ಬಂದರೂ, ನಾಲ್ಕನ್ನೂ ಪಕ್ಕಪಕ್ಕದಲ್ಲಿರಿಸಿ ಆ ದಶಕದ ರಂಗಜೀವನದ ಒಂದು ನಕ್ಷೆಯನ್ನು ಬರೆಯಲು ಸಾಧ್ಯವಾಗುತ್ತದೆ.